ಚಲ್ಬಿಯ ಉಪ್ಪಿನ ಬಯಲಲ್ಲಿ ಅಕ್ಕನ ವ್ಯಾನು

ನೈರೋಬಿ

ನೈರೋಬಿ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ನನ್ನ ಬ್ಯಾಗಿನಿಂದ ಮೊದಲು ತೆಗೆದದ್ದು ಶೇಂಗಾ ಚಟ್ನಿಪುಡಿಯ ಪೊಟ್ಟಣ. ಅದನ್ನು ಬೆಳಕಿಗೆ ಹಿಡಿದು ನೋಡಿದ, ಅಲ್ಲಾಡಿಸಿದ. ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ಬಿಚ್ಚಿ ಮೂಗಿನ ಹತ್ತಿರ ಒಯ್ದ. ಆತ ಸೀನಿದ ಸದ್ದಿಗೆ ಪಕ್ಕದ ಕೌಂಟರಿನವರೂ ಎದ್ದು ಬಂದರು.

ಕಣ್ಣೊರೆಸಿಕೊಳ್ಳುತ್ತ, "ಇದೇನು?" ಎಂದ.

"ಊಟಕ್ಕೆ ಹಚ್ಚಿಕೊಳ್ಳೋದು."

"ಮನುಷ್ಯರು ತಿನ್ನುತ್ತಾರಾ?"

"ದಿನಾ."

ಆತ ಪೊಟ್ಟಣವನ್ನು ಮಡಚಿ, ನಿದ್ದೆ ಹೋದ ಕೂಸನ್ನು ಮಲಗಿಸುವ ಹಾಗೆ ಬ್ಯಾಗಿನೊಳಗಿಟ್ಟು, ಹೋಗಮ್ಮ ಎಂದು ಕೈ ತೋರಿಸಿದ.

ಹೊರಗೆ ಬಂದರೆ ಚಳಿ. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಹೊಸಪೇಟೆಯ ಏಪ್ರಿಲ್‌ಗೆ ಹೊಂದುವ ತೆಳು ಸೀರೆಗಳನ್ನೇ ತುಂಬಿಕೊಂಡು ಬಂದಿದ್ದೆ. ಟ್ಯಾಕ್ಸಿಗೆ ಕಾಯುತ್ತ ನಿಂತಾಗ ಸೆರಗನ್ನು ಎರಡು ಸುತ್ತು ಹೊದ್ದುಕೊಂಡರೂ ನಡುಕ ನಿಲ್ಲಲಿಲ್ಲ. ಆ ನಡುಕವೆಲ್ಲ ಚಳಿಯದೇ ಆಗಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು.

ನಾನು ದೇಶ ನೋಡಲು ಹೋದವಳಲ್ಲ. ಅಕ್ಕನನ್ನು ಕರೆತರಲು ಹೋದವಳು.

ನನ್ನಕ್ಕ ಗಿರಿಜಾ ಡಾಕ್ಟರು. ನಾವು ಬೆಳೆದದ್ದು ತುಂಗಭದ್ರೆಯ ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ, ಅಪ್ಪ ಕಾಲುವೆ ಆಫೀಸಿನಲ್ಲಿದ್ದರು. ಅಕ್ಕ ಓದು ಮುಗಿಸಿ ಸಂಡೂರಿನ ಗಣಿ ಊರುಗಳಲ್ಲಿ ಕೆಲಸ ಮಾಡಿದಳು. ಆಗಲೇ ಆಕೆಗೆ ಆಸ್ಪತ್ರೆಯಲ್ಲಿ ಕುಳಿತು ರೋಗಿಯನ್ನು ಕಾಯುವುದು ಆಗುತ್ತಿರಲಿಲ್ಲ. ಹಳೆಯ ಜೀಪಿನಲ್ಲಿ ಗುಡ್ಡ ಸುತ್ತಿ, ಸಂಜೆಗೆ ಹುಬ್ಬಿನವರೆಗೂ ಕೆಂಪು ಧೂಳು ಮೆತ್ತಿಕೊಂಡು ಬರುತ್ತಿದ್ದಳು. ಮುಂದೆ ಕೀನ್ಯಾ ದೇಶದ ಉತ್ತರದ ಮರುಭೂಮಿಯ ಅಂಚಿನ ಒಂದು ಆಸ್ಪತ್ರೆಗೆ ಎರಡು ವರ್ಷದ ಮಟ್ಟಿಗೆಂದು ಹೋದವಳು ಅಲ್ಲೇ ಉಳಿದುಬಿಟ್ಟಳು. ಮದುವೆ ಮಾಡಿಕೊಳ್ಳಲಿಲ್ಲ. ಮರುಭೂಮಿಯಲ್ಲಿ ಒಂಟೆ ಕಾಯುತ್ತ ಊರಿಂದೂರಿಗೆ ಹೋಗುವ ಜನರ ಹಿಂದೆ, ಆಸ್ಪತ್ರೆಯನ್ನೇ ಒಂದು ವ್ಯಾನಿನಲ್ಲಿ ಹೇರಿಕೊಂಡು ತಿರುಗುವುದು ಆಕೆಯ ಸಂಸಾರವಾಯಿತು. ಅಲ್ಲಿ ಅಂಥದ್ದನ್ನು ಮೊದಲು ಶುರು ಮಾಡಿದವಳೇ ಅವಳು.

ಈ ಬೇಸಿಗೆ ರಜೆಗೆ ಸ್ವಲ್ಪ ಮುಂಚೆ ಫೋನು ಮಾಡಿದಳು. ನಾನು ಹೊಸಪೇಟೆಯಲ್ಲಿ ಹೈಸ್ಕೂಲಿನ ಕನ್ನಡ ಟೀಚರು. ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದೆ. ಆ ಮಾತು ಈ ಮಾತು ಆಡಿ, ಕೊನೆಗೆ ಹವಾಮಾನ ಹೇಳಿದ ಹಾಗೆ, "ಮೊನ್ನೆ ನಿಂತಲ್ಲೇ ಬಿದ್ದೆನವ್ವ. ಎಚ್ಚರ ತಪ್ಪಿತ್ತು. ಈಗ ಆರಾಮ ಐದೀನಿ" ಎಂದಳು.

ಜಗ್ಗಿ ಕೇಳಿದ ಮೇಲೆ ಹೊರಬಿತ್ತು: ಎದೆಯ ಬಡಿತ ತೀರ ನಿಧಾನವಾಗಿದೆ, ನಡುನಡುವೆ ನಿಂತೂ ಹೋಗುತ್ತದೆ. ಪೇಸ್‌ಮೇಕರ್ ಕೂರಿಸಬೇಕು. "ಕೂರಿಸ್ಕೊಂತೀನಿ. ಈ ಸುತ್ತು ಒಂದು ಮುಗೀಲಿ."

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ನಮ್ಮಣ್ಣನಿಗೆ ಹೇಳಿದೆ. ಆತ ಗಿರಣಿಯ ಸದ್ದಿನ ನಡುವೆ ಕೂಗಿದ: "ಆಕಿ ಸುತ್ತು ಯಾವತ್ತೂ ಮುಗಿಯಂಗಿಲ್ಲ ತಂಗಿ. ನೀ ಹೋಗು. ಬೈದಾದ್ರೂ ಸರಿ, ಅತ್ತಾದ್ರೂ ಸರಿ, ಕರಕೊಂಡೇ ಬಾ."

ಮಾರ್ಸಾಬಿಟ್

ನೈರೋಬಿಯಿಂದ ಉತ್ತರಕ್ಕೆ ಬಸ್ಸು. ಮೊದಲು ಹಸಿರು, ಆಮೇಲೆ ಜಾಲಿಯಂಥ ಮುಳ್ಳುಗಿಡ, ಆಮೇಲೆ ಕಲ್ಲು. ಅಕ್ಕನಿದ್ದ ಮಾರ್ಸಾಬಿಟ್ಟಿನ ಗುಡ್ಡ ಹತ್ತುವ ಮೊದಲು ಎರಡೂ ಕಡೆ ಕರಿಬಂಡೆಗಳು ಚೆಲ್ಲಿಬಿದ್ದಿದ್ದವು. ಜ್ವಾಲಾಮುಖಿ ಉಗುಳಿದವಂತೆ. ಹಂಪಿಗೇ ಯಾರೋ ಬೆಂಕಿಯಿಟ್ಟು ಹೋದಂತಿತ್ತು. ಇಲ್ಲಿ ಬಂಡೆಗಳ ನಡುವೆ ಗುಡಿಯೂ ಇಲ್ಲ, ಹೊಳೆಯೂ ಇಲ್ಲ.

ಬಸ್ಸಿನಲ್ಲಿ ನನ್ನ ಪಕ್ಕದ ಹೆಂಗಸು ಕೇಳದೆಯೇ ನನ್ನ ಜಡೆ ಹಿಡಿದು ನೋಡಿದಳು. ಹಿಂದಿನ ಸೀಟಿನವಳೂ ನೋಡಿದಳು. ಚಿಕ್ಕವರಿದ್ದಾಗ ನಾವು ಹಂಪಿ ಬಜಾರಿನಲ್ಲಿ ಬಿಳಿ ಜನರ ಹಿಂದೆ ಬಿದ್ದು ಅವರ ಕೂದಲು, ಚಪ್ಪಲಿ, ಬೆನ್ನ ಚೀಲ ಎಲ್ಲವನ್ನೂ ದಿಟ್ಟಿಸುತ್ತಿದ್ದೆವು. ಹಾಗೆ ನೋಡಿಸಿಕೊಳ್ಳುವುದು ಎಷ್ಟು ಮುಜುಗರ ಎಂಬುದು ಆವತ್ತು ತಿಳಿಯಿತು. ಆದರೆ ಅವಳು ಜಡೆ ಬಿಟ್ಟ ಮೇಲೆ ತನ್ನ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಕೊಟ್ಟಳು. ನಾವು ಹಂಪಿಯಲ್ಲಿ ಯಾರಿಗೂ ಏನೂ ಕೊಟ್ಟ ನೆನಪಿಲ್ಲ.

ಅಕ್ಕ ಬಸ್ ನಿಲ್ದಾಣಕ್ಕೆ ಬಂದಿದ್ದಳು. ಸೊರಗಿದ್ದಳು. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಜೊತೆಗೆ ಇಬ್ಬರಿದ್ದರು. ಒಬ್ಬ ಎತ್ತರದ, ಮಾತು ಕಡಿಮೆಯ ಡ್ರೈವರ್ ಗಲ್ಗಲೋ. ಇನ್ನೊಬ್ಬಳು ನರ್ಸ್ ತುಮೆ; ಅಲ್ಲಿಯದೇ ಗಬ್ರಾ ಬುಡಕಟ್ಟಿನವಳು, ಮೂವತ್ತು ದಾಟಿದವಳು, ಅಕ್ಕನೇ ಓದಿಸಿ ತಯಾರು ಮಾಡಿದವಳು. ತುಮೆ ನನ್ನ ಕೈ ಹಿಡಿದು, "ಬರ್ರಿ, ಕುಂದ್ರಿ" ಎಂದಳು.

ನಾನು ಬೆರಗಾಗಿ ಅಕ್ಕನ ಮುಖ ನೋಡಿದೆ.

"ಅವಸರ ಬಿತ್ತಂದ್ರ ನನ್ನ ಬಾಯಾಗ ಬರೂದು ನಮ್ಮೂರ ಮಾತೇ. ಕೇಳಿ ಕೇಳಿ ಕಲ್ತಾಳ" ಎಂದು ಅಕ್ಕ ನಕ್ಕಳು. "ಕುಂದ್ರಿ, ಎತ್ತು, ಹಿಡಿ, ಬಿಡಬ್ಯಾಡ. ಇಷ್ಟು ಬಂದ್ರ ಸಾಕು, ಹೆರಿಗಿ ಮಾಡಬಹುದು."

ರೊಟ್ಟಿ, ಚಟ್ನಿಪುಡಿ ತಿಂದು ಮುಗಿಯುವವರೆಗೆ ತಡೆದುಕೊಂಡಿದ್ದು, ಆಮೇಲೆ ವಿಷಯ ಎತ್ತಿದೆ. ಅಣ್ಣ ಹೇಳಿದ್ದನ್ನೆಲ್ಲ ಹೇಳಿದೆ. ಅಕ್ಕ ತಟ್ಟೆ ತೊಳೆಯುತ್ತ ಕೇಳಿಸಿಕೊಂಡಳು.

"ನಾಡಿದ್ದು ಹೊರಡತೀವಿ. ಇದೊಂದು ಸುತ್ತು. ನೀನೂ ಬಾ. ಬಂದ ಮ್ಯಾಲ ಮಾತಾಡೂಣು."

"ನಡುದಾರ್ಯಾಗ ನಿಂಗೇನಾದ್ರೂ ಆದ್ರ?"

"ಡಾಕ್ಟರ ಜೊತೀಗೇ ಇರ್ತಾರಲ್ಲ" ಎಂದಳು. ಆ ಡಾಕ್ಟರು ತಾನೇ ಎಂಬ ಅರ್ಥದಲ್ಲಿ. ನನಗೆ ನಗು ಬರಲಿಲ್ಲ.

ಅಲ್ಲಿಂದ ಮುಂದೆ ನನಗೊಂದು ಚಟ ಅಂಟಿಕೊಂಡಿತು. ಅಕ್ಕನ ಪಕ್ಕದಲ್ಲಿ ಕುಳಿತಾಗಲೆಲ್ಲ ಪ್ರೀತಿಗೆ ಹಿಡಿದವಳಂತೆ ಅವಳ ಕೈ ಹಿಡಿದು, ಬೆರಳನ್ನು ಮಣಿಕಟ್ಟಿಗೆ ಜಾರಿಸುತ್ತಿದ್ದೆ. ಒಂದು ಬಡಿತ. ಆಮೇಲೆ ಕಾಯಬೇಕು. ಬರುತ್ತದೋ ಇಲ್ಲವೋ ಎನ್ನುವಷ್ಟು ಹೊತ್ತಿಗೆ ಇನ್ನೊಂದು. ಆ ನಡುವಿನ ಬಿಡುವಿನಲ್ಲಿ ನನ್ನ ಎದೆ ಡವಡವ ಓಡುತ್ತಿತ್ತು.

ಮೈಕೋನಾ

ವ್ಯಾನು ಎಂದರೆ ನಮ್ಮ ಕಡೆಯ ಆಂಬುಲೆನ್ಸ್ ಅಲ್ಲ. ದೊಡ್ಡ ಗಾಲಿಯ, ಅರ್ಧ ಲಾರಿಯಂಥ ಗಾಡಿ. ಒಂದು ಕಡೆ ಔಷಧದ ಕಪಾಟು, ಇನ್ನೊಂದು ಕಡೆ ಮಡಚುವ ಮಂಚ, ಲಸಿಕೆಯ ಐಸ್ ಪೆಟ್ಟಿಗೆ, ನೀರಿನ ಪೀಪಾಯಿ. ಗುಡ್ಡ ಇಳಿದ ಹಾಗೆ ಫೋನಿನ ಸಿಗ್ನಲ್ ಹೋಯಿತು, ಆಮೇಲೆ ಗಿಡಗಳು ಹೋದವು, ಕೊನೆಗೆ ರಸ್ತೆಯೂ ಹೋಯಿತು. ಗಲ್ಗಲೋ ಏನನ್ನು ನೋಡಿ ಗಾಡಿ ಓಡಿಸುತ್ತಿದ್ದನೋ ನನಗೆ ತಿಳಿಯಲಿಲ್ಲ.

ದಾರಿಯಲ್ಲಿ ಅಕ್ಕ ಈ ಕೆಲಸ ಶುರುವಾದ ಬಗೆ ಹೇಳಿದಳು. ಅವಳು ಬಂದ ಹೊಸದರಲ್ಲಿ ಒಬ್ಬ ಗಬ್ರಾ ಗಂಡಸು ಹೆಂಡತಿಯನ್ನು ಒಂಟೆಯ ಮೇಲೆ ಕಟ್ಟಿಕೊಂಡು ಬಯಲು ದಾಟಿ ಆಸ್ಪತ್ರೆಗೆ ಬಂದಿದ್ದ. ಇಳಿಸುವಾಗ ಹೆಂಡತಿ ತೀರಿಹೋಗಿದ್ದಳು. ಆತ ಅಳಲಿಲ್ಲ, ಬೈಯಲಿಲ್ಲ. ಆಸ್ಪತ್ರೆಯ ಮುಂದೆ ನಿಂತಿದ್ದ ಜೀಪನ್ನು ತೋರಿಸಿ ಕೇಳಿದನಂತೆ: "ಇದು ನಡೆಯುತ್ತದಾ?"

"ಹೌದು, ನಡೀತದ ಅಂದೆ" ಎಂದಳು ಅಕ್ಕ. "ಆಂವಾ ಮುಂದ ಏನೂ ಕೇಳಲಿಲ್ಲ. ಹೆಣ ಕಟ್ಟಿಕೊಂಡು ತಿರುಗಿ ಹೋದ. ನಡಿಯೂ ಗಾಡಿ ಇಟ್ಕೊಂಡು ಕುಂತಾಕಿ ನಾನಲ್ಲ ಅಂತ ನನಗ ಸಮಾಧಾನ ಹೇಳ್ಕೊಳ್ಳಾಕ ಆಗಲಿಲ್ಲವ್ವ."

ಮೊದಮೊದಲು ಇವಳ ಬೆನ್ನಿಗೆ ಯಾರೂ ಇರಲಿಲ್ಲವಂತೆ. ಬಾಡಿಗೆ ಒಂಟೆಗಳ ಮೇಲೆ ಔಷಧ ಹೇರಿ ಹೊರಟಳು. ಅಲೆದಾಡುವ ಜನ ಎಲ್ಲಿರುತ್ತಾರೆಂದು ಗೊತ್ತಾಗದೆ ದಿನಗಟ್ಟಲೆ ಸುತ್ತಿ, ಒಬ್ಬರೂ ಸಿಗದೆ ವಾಪಸು ಬಂದದ್ದೂ ಉಂಟು. ಕೊನೆಗೆ ಒಂದು ಉಪಾಯ ಹೊಳೆಯಿತು: ಜನ ಎಲ್ಲೇ ಇರಲಿ, ಒಂಟೆಗೆ ನೀರು ಕುಡಿಸಲು ಬಾವಿಗೆ ಬರಲೇಬೇಕು. ಬಾವಿಯಿಂದ ಬಾವಿಗೆ ಹೋಗುವ ಸುತ್ತು ಹಾಗೆ ಹುಟ್ಟಿತು. ಒಮ್ಮೆ ಗೊತ್ತು ಮಾಡಿದ ದಿನ ಬಂದರೆ ಮುಂದಿನ ಸಲವೂ ಬರಬೇಕು. ಒಂದೇ ಒಂದು ಸಲ ತಪ್ಪಿದರೆ ನಂಬಿಕೆ ಹೋಯಿತು.

ಮೈಕೋನಾದ ಬಾವಿಯ ಹತ್ತಿರ ಜನ ಕಾಯುತ್ತಿದ್ದರು. ಗಂಡಸರು ಬಾವಿಯೊಳಗೆ ಒಬ್ಬರ ಮೇಲೊಬ್ಬರು ನಿಂತು, ಹಾಡುತ್ತ, ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನಾನು ಕೂಸಾಗಿದ್ದಾಗಿನಿಂದ ಡ್ಯಾಮಿನ ಗೇಟು ತೆಗೆದಾಗ ಬೋರ್ಗರೆಯುವ ನೀರು ನೋಡಿ ಬೆಳೆದವಳು. ಒಂದು ಕೊಡ ನೀರಿಗೆ ಅಷ್ಟು ಹೊತ್ತು ಹಾಡು ಹಾಡಬೇಕಾದ ಊರನ್ನು ನೋಡಿ ನಾಚಿಕೆಯಾಯಿತು. ಅವರು ಮೊದಲು ತುಂಬಿದ ಬೋಗುಣಿಯನ್ನು ನನಗೇ ಕುಡಿಯಲು ಕೊಟ್ಟರು.

ಅಲ್ಲಿ ನಾನು ಕಂಡ ಇನ್ನೊಂದು ರೂಢಿಯೆಂದರೆ, ಯಾರೂ ನೇರ ವಿಷಯಕ್ಕೆ ಬರುವುದಿಲ್ಲ. "ನಗಾ?" ಎನ್ನುತ್ತಾರೆ. ಶಾಂತಿಯೇ ಎಂದು ಅರ್ಥ. "ನಗಾ" ಎನ್ನಬೇಕು. ಮನೆ ಶಾಂತಿಯೇ, ಒಂಟೆ ಶಾಂತಿಯೇ, ಮಳೆ ಶಾಂತಿಯೇ, ದಾರಿ ಶಾಂತಿಯೇ. ಎಲ್ಲಕ್ಕೂ ಶಾಂತಿ ಶಾಂತಿ ಎಂದು ಮುಗಿದ ಮೇಲೆಯೇ, ಕೂಸಿಗೆ ಜ್ವರ, ಮೂರು ದಿನವಾಯಿತು ಎಂದು ಬಾಯಿ ಬಿಡುತ್ತಾರೆ. ಅಕ್ಕ ಪ್ರತಿಯೊಬ್ಬರಿಗೂ ಅಷ್ಟೂ ಉತ್ತರ ಕೊಟ್ಟಳು. ಸಂಜೆಯ ಹೊತ್ತಿಗೆ ಅವಳ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಎರಡು ಸಲ ಗಾಡಿಯ ಬಾಗಿಲು ಹಿಡಿದು ಸುಮ್ಮನೆ ನಿಂತಳು. ನಾನು ಹತ್ತಿರ ಹೋದರೆ, "ಏನಿಲ್ಲ, ಸುಮ್ಕಿರು. ಅವರು ನೋಡ್ತಾರ" ಎಂದಳು.

ತುಮೆಯೂ ನೋಡುತ್ತಿದ್ದಳು. ನನ್ನ ಅವಳ ಕಣ್ಣು ಕೂಡಿದವು. ಆಮೇಲೆ ಊಟದ ಹೊತ್ತಿನಲ್ಲಿ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು: "ಇದು ನನಗೆ ಗೊತ್ತಾಗಿ ಎರಡು ತಿಂಗಳಾಯಿತು. ಹೇಳಿದರೆ ಕೇಳುವುದಿಲ್ಲ. ನೀವಾದರೂ ಬಂದಿರಿ."

ಚಲ್ಬಿ

ಮೈಕೋನಾ ದಾಟಿದರೆ ಚಲ್ಬಿ. ಒಂದು ಕಾಲಕ್ಕೆ ಕೆರೆಯಾಗಿದ್ದು ಒಣಗಿದ ಉಪ್ಪಿನ ಬಯಲು. ಕಣ್ಣು ಹರಿಯುವ ತನಕ ಬೆಳ್ಳಗೆ, ಚಪ್ಪಟೆ. ಕಲ್ಲಿಲ್ಲ, ಗಿಡವಿಲ್ಲ, ನೆರಳು ಬೀಳಲು ಒಂದು ವಸ್ತುವಿಲ್ಲ. ದೂರದಲ್ಲಿ ನೀಲಿ ನೀರು ಥಳಥಳ ಹೊಳೆಯುತ್ತಿತ್ತು. ಟಿ.ಬಿ. ಡ್ಯಾಮಿನ ಹಿನ್ನೀರು ಬೇಸಿಗೆಯಲ್ಲಿ ಕಾಣುವ ಹಾಗೆಯೇ. ಹತ್ತಿರ ಹೋದಷ್ಟೂ ಅದು ಹಿಂದೆ ಸರಿಯುತ್ತಿತ್ತು. ಬಿಸಿಲ್ಗುದುರೆ ಎಂಬ ಪದವನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಅದನ್ನು ನೋಡಿದರೆ ಹೆದರಿಕೆಯಾಗುತ್ತದೆ ಎಂದು ಮಾತ್ರ ಯಾವ ಪಾಠದಲ್ಲೂ ಇರಲಿಲ್ಲ.

ಹಿಂದಿನ ದಿನ ದೂರದ ಗುಡ್ಡಗಳಲ್ಲಿ ಮಳೆಯಾಗಿತ್ತು. ಆ ನೀರು ನೆಲದಡಿಯಲ್ಲಿ ಹರಿದು ಬಂದಿದೆ ಎಂಬುದು ಮೇಲಿನ ಒಣ ಹೆಪ್ಪು ನೋಡಿದ ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಬಯಲಿನ ನಡುವೆ ಹಪ್ಪಳ ಮುರಿದಂಥ ಸದ್ದಾಯಿತು. ಮುಂದಿನ ಗಾಲಿ ಕುಸಿಯಿತು, ಆಮೇಲೆ ಹಿಂದಿನದು. ಗಲ್ಗಲೋ ಗಾಡಿ ಜಗ್ಗಿದಷ್ಟೂ ಅದು ಬೂದು ಬಣ್ಣದ ಕೆಸರಿನಲ್ಲಿ ಕುಂತುಕೊಂಡಿತು. ನಮ್ಮ ಕಡೆ ಬುಕ್ಕಸಾಗರದ ಗದ್ದೆಯಲ್ಲಿ ಟ್ರ್ಯಾಕ್ಟರ್ ಹುಗಿದರೆ ಅರ್ಧ ಊರೇ ಓಡಿಬರುತ್ತದೆ, ಬಂದವರೆಲ್ಲ ಒಂದೊಂದು ಸಲಹೆ ಕೊಡುತ್ತಾರೆ. ಇಲ್ಲಿ ಇಂಜಿನ್ ನಿಂತ ಮೇಲೆ ಗಾಳಿಯ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

ನಾನು ಅಕ್ಕನನ್ನು ನೋಡಿದೆ. ಅವಳು ಟೋಪಿ ಸರಿಮಾಡಿಕೊಂಡು, "ಚಾ ಇಡೂಣೇನು?" ಎಂದಳು.

ಚಹಾ ಕುಡಿದು ಮುಗಿಸುವ ಹೊತ್ತಿಗೆ ಇಬ್ಬರು ಗಂಡಸರು ಒಂದು ಒಂಟೆಯನ್ನು ಎಳೆದುಕೊಂಡು ಬಿರುಸಾಗಿ ಬಂದರು. ಬಯಲಿನ ಅಂಚಿನಲ್ಲಿ ಚುಕ್ಕೆಗಳಂತೆ ಕಾಣುತ್ತಿದ್ದ ಗುಡಾರಗಳವರು. ಮೈಯೆಲ್ಲ ಬೆವರು. ಆದರೂ ನಿಂತು ಶುರು ಮಾಡಿದರು: "ನಗಾ?" "ನಗಾ." ಮನೆ? ಶಾಂತಿ. ಒಂಟೆ? ಶಾಂತಿ. ದಾರಿ? ಹುಗಿದ ಗಾಡಿಯನ್ನು ಎದುರಿಗಿಟ್ಟುಕೊಂಡು ಅಕ್ಕ, ಶಾಂತಿ ಎಂದಳು. ಎಲ್ಲ ಮುಗಿದ ಮೇಲೆ ಕಿರಿಯವನು ನೆಲ ನೋಡುತ್ತ ಏನೋ ಹೇಳಿದ. ತುಮೆ ಧಡಕ್ಕನೆ ಎದ್ದು ವ್ಯಾನಿನ ಹಿಂಬಾಗಿಲು ತೆಗೆದಳು.

"ಆಂವನ ಹೇಂತಿ ಹಡದಾಳ" ಎಂದಳು ಅಕ್ಕ. "ರಕ್ತ ನಿಂತಿಲ್ಲ. ನಮ್ಮ ಗಾಡಿ ಬರೂದನ್ನ ಕಾಯ್ಕೋತ ಕುಂತಾರ. ಗಾಡಿ ನಿಂತದ್ದು ನೋಡಿ ಓಡಿ ಬಂದಾರ."

ಐಸ್ ಪೆಟ್ಟಿಗೆ, ಸಲೈನ್, ಔಷಧದ ಚೀಲ ಎಲ್ಲ ಒಂಟೆಯ ಮೇಲೇರಿದವು. ಗಲ್ಗಲೋ ಗಾಡಿಯ ಹತ್ತಿರ ಉಳಿದ. "ಅಕ್ಕ, ನೀ ಒಂಟಿ ಮ್ಯಾಲ ಕುಂದ್ರು. ನಡೀಬ್ಯಾಡ" ಎಂದೆ.

"ಇಲ್ಲಿ ಒಂಟಿ ಮ್ಯಾಲ ಕೂಡೋರು ಸಾಯೂ ಮಂದಿ ಅಷ್ಟೇ. ಹಂಗ ಹೋಗಿ ಅವರ ಮುಂದ ಇಳೀಲೇನು?"

"ಹಂಗಾರ ಇಲ್ಲೇ ಇರು. ತುಮೆ ಹೋಗ್ಲಿ."

ಅಕ್ಕ ಟೋಪಿ ಕೆಳಗೆಳೆದುಕೊಂಡಳು. ನಡೆಯತೊಡಗಿದಳು. ನಾನು ಹಿಂದೆ ಓಡಿ ಅವಳ ಕೈ ಹಿಡಿದುಕೊಂಡೆ. ಹೆಜ್ಜೆಯಿಟ್ಟಲ್ಲೆಲ್ಲ ಉಪ್ಪಿನ ಹೆಪ್ಪು ಮುರಿದು ಪಾದ ಒಳಗಿಳಿಯುತ್ತಿತ್ತು. ಗುಡಾರಗಳು ಎದುರಿಗೇ ಇದ್ದಂತೆ ಕಾಣುತ್ತಿದ್ದವು; ಎಷ್ಟು ನಡೆದರೂ ದೊಡ್ಡವಾಗುತ್ತಿರಲಿಲ್ಲ. ಒಬ್ಬಳು ಅಲ್ಲಿ ಖಾಲಿಯಾಗುತ್ತಿದ್ದಾಳೆ, ಇನ್ನೊಬ್ಬಳು ನನ್ನ ಕೈಯಲ್ಲೇ ನಿಂತು ಹೋಗಬಹುದು. ಯಾರಿಗಾಗಿ ಬೇಗ ನಡೆಯಬೇಕು, ಯಾರಿಗಾಗಿ ನಿಧಾನ ನಡೆಯಬೇಕು ಎಂದು ತಿಳಿಯದೆ ದೇವರನ್ನು ಬೇಡಿಕೊಳ್ಳಲೂ ಆಗಲಿಲ್ಲ.

ದರ್ಮಿಯ ಗುಡಾರ

ಗುಡಾರವೆಂದರೆ ಬಗ್ಗಿಸಿದ ಕಟ್ಟಿಗೆಯ ಮೇಲೆ ಚಾಪೆ, ಚರ್ಮ, ಬಟ್ಟೆ ಹೊದಿಸಿದ್ದು. ಬಾಗಿ ಒಳಗೆ ಹೋಗಬೇಕು. ಒಳಗೆ ಹೊಗೆ ಹಾಕಿದ ಹಾಲಿನ ಪಾತ್ರೆಗಳ ವಾಸನೆಯ ಜೊತೆ ರಕ್ತದ ವಾಸನೆ. ದರ್ಮಿ ಎಂಬ ಆ ಹುಡುಗಿ, ಹೌದು ಹುಡುಗಿಯೇ, ಚರ್ಮದ ಹಾಸಿನ ಮೇಲೆ ಮಲಗಿದ್ದಳು. ಕಣ್ಣು ಅರ್ಧ ತೆರೆದಿತ್ತು. ಅವಳ ಅತ್ತೆ ಮೂಲೆಯಲ್ಲಿ ಕೂಸನ್ನು ಎದೆಗವಚಿಕೊಂಡು ಕುಳಿತಿದ್ದಳು. ಕೂಸು ಚೆನ್ನಾಗಿಯೇ ಇತ್ತು, ಜೋರಾಗಿ ಅಳುತ್ತಿತ್ತು.

ತುಮೆ ಸೂಜಿಮದ್ದು ಚುಚ್ಚಿದಳು. ಅಕ್ಕ ದರ್ಮಿಯ ಹೊಟ್ಟೆ ಮುಟ್ಟಿ ನೋಡಿ ನನ್ನನ್ನು ಕರೆದಳು. ನನ್ನ ಕೈ ಎಳೆದು ಹೊಕ್ಕುಳ ಕೆಳಗಿಟ್ಟಳು.

"ಇಲ್ಲಿ ಒತ್ತಿ ಉಜ್ಜು. ಗರ್ಭಚೀಲ ಹಿಟ್ಟಿನ ಮುದ್ದಿ ಹಂಗ ಮೆತ್ತಗಾಗೇತಿ. ಗಟ್ಟಿ ಚೆಂಡು ಆಗೂತನಕ ಉಜ್ಜಬೇಕು. ಆದ್ರ ರಕ್ತ ನಿಲ್ತೈತಿ. ನಾವು ಸಲೈನ್ ಹಚ್ಚತೀವಿ. ಏನಾದ್ರೂ ಆಗಲಿ, ಕೈ ತಗೀಬ್ಯಾಡ."

"ನಂಗ ಬರಂಗಿಲ್ಲ ಅಕ್ಕ."

"ರೊಟ್ಟಿ ಹಿಟ್ಟು ನಾದೂದು ಬರ್ತದಲ್ಲ?"

ನಾದಿದೆ. ಕೈಯಡಿ ಮೆತ್ತಗಿನ ಏನೋ ಜಾರುತ್ತಿತ್ತು. ತುಮೆ ತೋಳಿನಲ್ಲಿ ನರ ಹುಡುಕುತ್ತಿದ್ದಳು, ಸಿಗುತ್ತಿರಲಿಲ್ಲ. ಅಕ್ಕ ಬಗ್ಗಿ ಇನ್ನೊಂದು ತೋಳು ನೋಡುತ್ತಿದ್ದಳು. ಅಲ್ಲ, ಇಲ್ಲಿ, ಸ್ವಲ್ಪ ಮೇಲೆ, ಎಂದು ಹೇಳುತ್ತಿದ್ದವಳ ಮಾತು ನಡುವೆಯೇ ನಿಂತಿತು. ತಲೆಯೆತ್ತಿ ನೋಡಿದೆ. ಅಕ್ಕ ಸದ್ದಿಲ್ಲದೆ, ನಿದ್ದೆ ಬಂದವಳ ಹಾಗೆ, ಪಕ್ಕಕ್ಕೆ ವಾಲಿ ಬಿದ್ದಳು. ಮುಖ ಚಾಪೆಗೆ ತಾಗಿತ್ತು. ಕಣ್ಣು ಮೇಲೆ ಹೋಗಿದ್ದವು.

ನಾನು ಚೀರಿರಬೇಕು. ಏಳಲು ಹೋದೆ.

"ಬಿಡಬ್ಯಾಡ!"

ತುಮೆ ಕೂಗಿದ್ದು. ಶುದ್ಧ ನಮ್ಮೂರ ಕನ್ನಡದಲ್ಲಿ. ಅವಳ ಎರಡೂ ಕೈ ದರ್ಮಿಯ ತೋಳಿನ ಮೇಲಿದ್ದವು, ಸೂಜಿ ಆಗಷ್ಟೇ ನರಕ್ಕೆ ಹೊಕ್ಕಿತ್ತು. ಅವಳು ಅಕ್ಕನ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತ ಮತ್ತೆ ಹೇಳಿದಳು: "ಬಿಡಬ್ಯಾಡ. ಬಿಡಬ್ಯಾಡ."

ನನ್ನ ಅಕ್ಕ ನನ್ನಿಂದ ಒಂದು ಮೊಳ ದೂರದಲ್ಲಿ ಬಿದ್ದಿದ್ದಳು. ನನ್ನ ಕೈ ಪರಿಚಯವಿಲ್ಲದ ಒಬ್ಬ ಹುಡುಗಿಯ ಹೊಟ್ಟೆಯ ಮೇಲಿತ್ತು. ಅಣ್ಣ ನನ್ನನ್ನು ಇಷ್ಟು ದೂರ ಕಳಿಸಿದ್ದು ಇದನ್ನು ತಪ್ಪಿಸಲಿಕ್ಕೆ. ನಾನು ಕೈ ಬಿಡಲಿಲ್ಲ. ಧೈರ್ಯದಿಂದ ಅಲ್ಲ, ಬಿಟ್ಟರೆ ಅಕ್ಕ ಎದ್ದು ಏನನ್ನುತ್ತಾಳೋ ಎಂಬ ಹೆದರಿಕೆಯಿಂದ. ಅವಳು ಏಳುತ್ತಾಳೆ ಎಂದು ನಂಬಿಕೊಳ್ಳಲು ನನಗೆ ಬೇರೆ ದಾರಿಯೇ ಇರಲಿಲ್ಲ. ಉಜ್ಜುತ್ತಲೇ, "ಅಕ್ಕ, ಅಕ್ಕ, ಏಳು" ಎನ್ನುತ್ತಿದ್ದೆ. ಅತ್ತೆ ಕೂಸನ್ನು ಹಾಸಿನ ಮೇಲೆ ಮಲಗಿಸಿ ಬಂದು ಅಕ್ಕನ ತಲೆಯನ್ನು ತನ್ನ ತೊಡೆಗೇರಿಸಿಕೊಂಡಳು.

ಎಷ್ಟು ಹೊತ್ತೋ. ಅಕ್ಕನ ಎದೆ ಒಮ್ಮೆ ಎದ್ದಿತು. ಇನ್ನೊಮ್ಮೆ. ಬಿಳುಚಿದ ಮುಖಕ್ಕೆ ತಟ್ಟನೆ ಕೆಂಪು ಬಂತು. ಕಣ್ಣು ಬಿಟ್ಟು, ತಾನೆಲ್ಲಿದ್ದೇನೆಂದು ತಿಳಿಯದೆ ಸುತ್ತ ನೋಡಿ, ಆಮೇಲೆ ನನ್ನ ಕೈಯನ್ನು ನೋಡಿದಳು.

"ಗಟ್ಟಿ ಆತೇನು?" ಎಂದಳು.

ಆಗಿತ್ತು. ನನ್ನ ಅಂಗೈಯಡಿ ಗರ್ಭಚೀಲ ಗಟ್ಟಿ ಚೆಂಡಾಗಿತ್ತು. ನನಗೇ ತಿಳಿದಿರಲಿಲ್ಲ. ತುಮೆ ಬಂದು ಮುಟ್ಟಿ ನೋಡಿ, ಕೆಳಗಿನ ಬಟ್ಟೆ ಬದಲಿಸಿ, ಕಾದಳು. ಹೊಸ ಬಟ್ಟೆ ಕೆಂಪಾಗಲಿಲ್ಲ. ಆಗ ಅವಳು ಎದ್ದು, ಬಾಗಿಕೊಂಡೇ ಗುಡಾರದ ಹೊರಗೆ ಹೋದಳು. ಅವಳು ಅತ್ತದ್ದು ಒಳಗೆ ಕೇಳಿಸುತ್ತಿತ್ತು.

ಅತ್ತೆ ಮುದುಕಿ ಬಂದು ನನ್ನ ಎರಡೂ ಅಂಗೈ ಹಿಡಿದು ಅವುಗಳ ಮೇಲೆ ತೂ ತೂ ಎಂದು ಮೆಲ್ಲಗೆ ಉಗುಳಿದಳು. ನಾನು ಹೌಹಾರಿದೆ. "ಆಶೀರ್ವಾದವ್ವ ಅದು, ಕೈ ಹಿಂದ ಎಳೀಬ್ಯಾಡ" ಎಂದಳು ಅಕ್ಕ, ಮಲಗಿದಲ್ಲಿಂದಲೇ. ನಮ್ಮಜ್ಜಿ ದೃಷ್ಟಿ ತೆಗೆಯುವಾಗ ಹೀಗೆಯೇ ತೂ ತೂ ಎನ್ನುತ್ತಿದ್ದಳು. ಆಮೇಲೆ ಮುದುಕಿ ತುಪ್ಪದಲ್ಲಿ ಹುರಿದ ಕಾಫಿ ಕಾಯಿಗಳನ್ನು ಒಂದು ಬಟ್ಟಲಲ್ಲಿ ತಂದಳು. ತುಪ್ಪವನ್ನು ಬೆರಳಿಗೆ ಹಚ್ಚಿಕೊಂಡು ಕೂಸಿನ ಹಣೆಗೂ, ನನ್ನ ಹಣೆಗೂ ಒರೆಸಿದಳು. ನಾನು ಕಾಫಿ ಕಾಯಿ ಅಗಿಯುತ್ತ ಅತ್ತುಬಿಟ್ಟೆ. ಏನೋ ಕಹಿ ತಿಂದದ್ದಕ್ಕೆ ಅಳುತ್ತಾಳೆ ಎಂದುಕೊಂಡು ಮುದುಕಿ ಇನ್ನಷ್ಟು ತುಪ್ಪ ಸುರಿದಳು.

ಮತ್ತೆ ಮಾರ್ಸಾಬಿಟ್

ಮರುದಿನ ಬಿಸಿಲೇರಿದ ಮೇಲೆ ಗುಡಾರದ ಗಂಡಸರೆಲ್ಲ ಸೇರಿ, ಚಾಪೆ ಹಾಸಿ, ಒಂಟೆ ಕಟ್ಟಿ ವ್ಯಾನನ್ನು ಎಳೆದರು. ದರ್ಮಿಯನ್ನು ಮಡಚುವ ಮಂಚದ ಮೇಲೆ ಮಲಗಿಸಿದೆವು. ಅವಳಿಗೆ ರಕ್ತ ಕೊಡಬೇಕಿತ್ತು. ಅಕ್ಕ ಕೆಳಗೆ ಹಾಸಿಗೆ ಹಾಕಿಕೊಂಡು, ಕಾಲನ್ನು ಔಷಧದ ಪೆಟ್ಟಿಗೆಯ ಮೇಲಿಟ್ಟು ಮಲಗಿದಳು. ತನ್ನ ವ್ಯಾನಿನಲ್ಲಿ ತಾನೇ ರೋಗಿಯಾಗಿ ಹೋಗುವುದು ಅವಳಿಗೆ ಅದೇ ಮೊದಲು.

ಕೂಸು ನನ್ನ ಮಡಿಲಲ್ಲಿತ್ತು.

"ನಾ ಬಿದ್ದಾಗ ನೀ ಕೈ ಬಿಟ್ಟಿದ್ದೇನು?" ಎಂದು ಅಕ್ಕ ಕೇಳಿದಳು.

"ಇಲ್ಲ."

"ಛಲೋ ಮಾಡಿದಿ."

ನನಗೆ ಸಿಟ್ಟು ನೆತ್ತಿಗೇರಿತು. "ಛಲೋ ಅಂತೀಯಲ್ಲ! ನೀ ಹೋದಿ ಅಂತ ತಿಳಕೊಂಡೇ ಉಜ್ಜಿದೆ. ಅಣ್ಣಗ ಫೋನ್ ಹಚ್ಚಿ ಏನ್ ಹೇಳಲಿ, ನಿನ್ನ ಹೆಂಗ ಊರಿಗೆ ಒಯ್ಯಲಿ ಅಂತ ಇಚಾರ ಮಾಡ್ಕೋತ ಉಜ್ಜಿದೆ. ಇನ್ನೊಮ್ಮೆ ನನ್ನ ಕೈಲೆ ಇದನ್ನ ಮಾಡಸಬ್ಯಾಡ."

ಅಕ್ಕ ವ್ಯಾನಿನ ಮೇಲಿನ ತಗಡು ನೋಡುತ್ತ ಹೇಳಿದಳು:

"ಸಾಯಾಕ ನನಗ ಅಂಜಿಕಿ ಇಲ್ಲ ಮಂಗಲಾ. ಒಮ್ಮೆ ನನಗ ಮಲೇರಿಯಾ ಬಂದು ಒಂದು ಸುತ್ತು ತಪ್ಪಿತು. ಮುಂದ ಹೋದ್ರ ಬಾವಿ ಹತ್ರ ಯಾರೂ ಇರಲಿಲ್ಲ. ಬರಂಗಿಲ್ಲ ಅಂತ ತಿಳಕೊಂಡು ಹೋಗಿಬಿಟ್ಟಿದ್ರು. ಅವರನ್ನ ಮತ್ತ ಕೂಡಸಾಕ ಎಷ್ಟು ತಿಂಗಳು ಬೇಕಾತು! ನಾ ಮಲಗಿದ್ರ ಗಾಡಿ ಮಲಗ್ತೈತಿ. ಅದಕ್ಕ ಆಪರೇಷನ್ ಮುಂದ ಹಾಕಿದೆ."

"ತುಮೆ ಇದ್ದಾಳಲ್ಲ ಅಕ್ಕ."

ಮುಂದಿನ ಸೀಟಿನಲ್ಲಿ ಗಲ್ಗಲೋನ ಪಕ್ಕ ತುಮೆ ತಲೆ ವಾಲಿಸಿ ನಿದ್ದೆ ಹೋಗಿದ್ದಳು. ಅಕ್ಕ ಅತ್ತ ನೋಡಿದಳು.

"ನಿನ್ನೆ ನಾ ಬಿದ್ದಾಗ ಆಕಿ ನನ್ನ ಹತ್ರ ಬಂದ್ಲೇನು?"

"ಇಲ್ಲ. ತಿರುಗಿ ಸೈತ ನೋಡಲಿಲ್ಲ."

ಅಕ್ಕ ಕಣ್ಣು ಮುಚ್ಚಿಕೊಂಡಳು. ಮತ್ತೆ ಎಚ್ಚರ ತಪ್ಪಿತೇನೋ ಎಂದು ಗಾಬರಿಯಾಗಿ ನಾನು ಮಣಿಕಟ್ಟು ಹಿಡಿದೆ. ಬಡಿತ ನಿಧಾನವಾಗಿಯಾದರೂ ಇತ್ತು. "ಗುಡ್ಡ ಹತ್ತಿದ ಮ್ಯಾಲ ಸಿಗ್ನಲ್ ಬರ್ತದ. ನೈರೋಬಿ ಆಸ್ಪತ್ರಿಗೆ ಫೋನ್ ಹಚ್ಚು" ಎಂದಳು.

ನೈರೋಬಿ, ಎರಡನೆಯ ಸಲ

ದರ್ಮಿಗೆ ಮಾರ್ಸಾಬಿಟ್ಟಿನ ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು. ನಾವು ಅವಳನ್ನು ನೋಡಲು ಹೋದಾಗ ಎದ್ದು ಕುಳಿತು ಕೂಸಿಗೆ ಹಾಲೂಡಿಸುತ್ತಿದ್ದಳು. ನನ್ನನ್ನು ಗುರುತು ಹಿಡಿಯಲಿಲ್ಲ. ಹಿಡಿಯಲು ಅವಳು ನನ್ನನ್ನು ನೋಡಿಯೇ ಇರಲಿಲ್ಲ.

ನೈರೋಬಿಯಲ್ಲಿ ಪೇಸ್‌ಮೇಕರ್ ಕೂರಿಸಲು ಅಕ್ಕನನ್ನು ಒಳಗೆ ಕರೆದೊಯ್ದ ಮೇಲೆ ನಾನು ಕಾರಿಡಾರಿನ ಬೆಂಚಿನ ಮೇಲೆ ಕುಳಿತೆ. ಎಲ್ಲ ದೇಶದ ಆಸ್ಪತ್ರೆಯ ಬೆಂಚುಗಳೂ ಒಂದೇ ಎಂದು ಕಾಣುತ್ತದೆ. ಬಳ್ಳಾರಿಯ ಬೆಂಚಿನಲ್ಲಿ ಅವ್ವನ ಆಪರೇಷನ್ನಿಗೆ ಕಾದಾಗಲೂ ಹೀಗೆಯೇ ಬೆನ್ನಿಗೆ ಒಂದು ಮೊಳೆ ಒತ್ತುತ್ತಿತ್ತು. ಎದುರಿಗೆ ಕುಳಿತಿದ್ದ ಒಂದು ಕುಟುಂಬ ಮೆಲ್ಲಗೆ ಹಾಡುತ್ತಿತ್ತು. ಅವರ ರೋಗಿಯೂ ಒಳಗಿದ್ದರು. ಹಾಡು ಮುಗಿದಾಗ ಅವರಲ್ಲೊಬ್ಬಳು ನಿಮ್ಮವರ ಹೆಸರೇನು ಎಂದು ಕೇಳಿದಳು. ಗಿರಿಜಾ ಎಂದೆ. ಮುಂದಿನ ಹಾಡಿನಲ್ಲಿ ಆ ಹೆಸರೂ ಬಂತು.

ಅಣ್ಣ ಫೋನಿನ ಮೇಲೆ ಫೋನು ಮಾಡುತ್ತಿದ್ದ. "ಇಲ್ಲೇ ಮಾಡಸಬಹುದಿತ್ತಲ್ಲ ತಂಗಿ, ಆ ಕಾಣದ ಊರಾಗ..." ಎನ್ನುತ್ತಲೇ ಫೋನು ಇಟ್ಟುಬಿಡುತ್ತಿದ್ದ.

ಡಾಕ್ಟರು ಹೊರಬಂದು, ಎಲ್ಲ ಸರಿಹೋಯಿತು ಎಂದರು. ನಾನು ಒಳಗೆ ಹೋಗಿ ಮೊದಲು ಮಾಡಿದ ಕೆಲಸವೆಂದರೆ ಅಕ್ಕನ ಮಣಿಕಟ್ಟು ಹಿಡಿದದ್ದು. ಒಂದರ ಹಿಂದೆ ಒಂದು, ತಪ್ಪದೆ. ನಾನು ಹಿಡಿದೇ ಕುಳಿತೆ. ಸಾಕು ಬಿಡು, ಕೈ ಜೋಮು ಹಿಡೀತು ಎಂದು ಅಕ್ಕ ಬೈಯುವ ತನಕ.

ಆದರೆ ಅಕ್ಕನಿಗೆ ಬೇರೆ ಚಡಪಡಿಕೆ. ಮುಂದಿನ ಸುತ್ತಿನ ದಿನ ಬಂದಿತ್ತು. ತುಮೆ, ಗಲ್ಗಲೋ ಇಬ್ಬರೇ ಹೊರಟಿದ್ದರು. ಬಯಲಿಗಿಳಿದ ಮೇಲೆ ಸುದ್ದಿಯಿಲ್ಲ. ಅಕ್ಕ ಊಟ ಮಾಡುವಾಗ, "ಇಷ್ಟೊತ್ತಿಗೆ ಮೈಕೋನಾ ದಾಟಿರಬೇಕು" ಎನ್ನುವಳು. ಕಿಟಕಿಯಲ್ಲಿ ಮೋಡ ಕಂಡರೆ, "ಚಲ್ಬ್ಯಾಗ ಮಳಿ ಆತೇನೋ" ಎನ್ನುವಳು. ನರ್ಸು ಬಂದು ಮಲಗಿರಿ ಎಂದರೆ ಮಲಗಿ, ಅವಳು ಹೋದ ಮೇಲೆ ಎದ್ದು ಕುಳಿತು ಫೋನು ನೋಡುವಳು. ಆ ದಿನಗಳಲ್ಲಿ ನನ್ನ ಕಳವಳ ಅವಳಿಗೆ ದಾಟಿಹೋಯಿತು. ಆದರೆ ನನ್ನ ಪಾಲಿನದೇನೂ ಕಡಿಮೆಯಾಗಲಿಲ್ಲ.

ಒಂದು ಮಧ್ಯಾಹ್ನ ಫೋನು ಬಂತು. ತುಮೆ. ನಾನೇ ಸ್ಪೀಕರ್ ಹಾಕಿದೆ. ಅಕ್ಕ ಬಾಯಿ ತೆರೆಯುವ ಮೊದಲೇ ತುಮೆ ಶುರು ಮಾಡಿದಳು: "ನಗಾ?"

"ನಗಾ" ಎಂದಳು ಅಕ್ಕ.

ಮನೆ ಶಾಂತಿಯೇ, ಮೈ ಶಾಂತಿಯೇ, ತಂಗಿ ಶಾಂತಿಯೇ. ಅಕ್ಕ ಹಲ್ಲು ಕಚ್ಚಿಕೊಂಡು ಒಂದೊಂದಕ್ಕೂ ಉತ್ತರ ಕೊಟ್ಟಳು. ಆಮೇಲೆ ತುಮೆ ಹೇಳಿದಳು: ಎಲ್ಲ ಬಾವಿಗಳಿಗೂ ಹೋಗಿ ಬಂದೆವು. ಎಲ್ಲ ಕಡೆ ಜನ ಇದ್ದರು. ಒಂದು ಬಾವಿಯಲ್ಲಿ ಹಿರಿಯನೊಬ್ಬ ವ್ಯಾನಿನೊಳಗೆ ಇಣುಕಿ, ಡಾಕ್ಟರ್ ಎಲ್ಲಿ ಎಂದು ಕೇಳಿದ. ನಾನು ಬಂದಿದ್ದೇನಲ್ಲ ಎಂದೆ. ಆತ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಮೊಮ್ಮಗಳನ್ನು ಕರೆತಂದ.

ಫೋನಿಟ್ಟ ಮೇಲೆ ಅಕ್ಕ ಗೋಡೆಯ ಕಡೆ ಹೊರಳಿದಳು. ಭುಜ ಅಲುಗುತ್ತಿತ್ತು. ನಗುತ್ತ ಇದ್ದಾಳೋ ಅಳುತ್ತ ಇದ್ದಾಳೋ ಎಂದು ನನಗೆ ಹೇಳಲಾಗಲಿಲ್ಲ. ನಾನು ಬೆನ್ನ ಮೇಲೆ ಕೈಯಿಟ್ಟು ಕುಳಿತೆ.

ಬಹಳ ಹೊತ್ತಾದ ಮೇಲೆ ಅವಳು ಈಚೆ ತಿರುಗಿದಳು. ಮುಖ ತೊಳೆದಂತಿತ್ತು.

"ಅಣ್ಣಗ ಹೇಳು. ಬರ್ತೀನಿ ಊರಿಗೆ."

ನಾನು ಅಷ್ಟು ದೂರ ಹೋದದ್ದು ಆ ಒಂದು ಮಾತಿಗಾಗಿ. ಕೇಳಿದ ಮೇಲೆ ಖುಷಿಯಾಗಲಿಲ್ಲ. "ಎಷ್ಟು ದಿನಕ್ಕ?" ಎಂದೆ.

ಅಕ್ಕ ಫೋನನ್ನು ದಿಂಬಿನ ಪಕ್ಕಕ್ಕಿಟ್ಟಳು.

"ತುಮೆನ ಕೇಳಬೇಕವ್ವ" ಎಂದಳು. "ಇನ್ನ ನನಗ ರಜಾ ಕೊಡಾಕಿ ಆಕಿನೇ."